ಗಣಕ ವಿದ್ಯೆಯ ಮೊದಲನೆಯ ವರುಷ

ಜೂನ್ ತಿಂಗಳು ಬಂದಿತೆಂದರೆ ನಮ್ಮ ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಮೇಜಿನ ಮುಂದೆ ತಂದೆತಾಯಂದಿರ ಸಾಲು ಬೆಳೆಯುತ್ತದೆ. ನಾವು ಆ ಮೇಜಿನ ಈಚೆಗೆ ಕುಳಿತಿರುವ ಗುಮಾಸ್ತರು. ಬಂದವರ ಕೈಯಲ್ಲಿ ಕಾಲೇಜಿನ ಪ್ರವೇಶಪತ್ರ, ಶುಲ್ಕದ ವಿವರ, ವಸತಿಗೃಹದ ಖರ್ಚಿನ ಪಟ್ಟಿ ಎಲ್ಲವೂ ಇರುತ್ತವೆ. ಬಡ್ಡಿ ಎಷ್ಟು, ಕಂತು ಯಾವಾಗಿನಿಂದ, ಜಾಮೀನು ಬೇಕೋ ಬೇಡವೋ ಎಂದು ವಿಚಾರಿಸುತ್ತಾರೆ, ವಿಚಾರಿಸಬೇಕಾದುದೇ. ಅರ್ಜಿಗಳಲ್ಲಿ ಬಹುಪಾಲು ಕಂಪ್ಯೂಟರ್ ಪದವಿಗೆ ಸಂಬಂಧಿಸಿದವು. ಆದರೆ ಆ ಹುಡುಗನೋ ಹುಡುಗಿಯೋ ಮೊದಲನೆಯ ವರ್ಷದಲ್ಲಿ ಕಲಿಯತಕ್ಕದ್ದೇನು, ಯಾವುದು ಮೊದಲು, ಯಾವುದು ಆಮೇಲೆ, ಆ ಕ್ರಮವನ್ನು ಗೊತ್ತುಮಾಡಿದವರು ಯಾರು ಎಂದು ಕೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ಅರ್ಜಿಯ ನಮೂನೆಯಲ್ಲಿಯೂ ಆ ಪ್ರಶ್ನೆಗೆ ಅಂಕಣವಿಲ್ಲ.

ನಮಗೆ ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ೨೦೦೮ರಲ್ಲಿ ನಾವೂ ಇದೇ ಮುಂಬಯಿಯ ಒಂದು ಕಾಲೇಜಿನಲ್ಲಿ ಗಣಕ ಪದವಿಯ ವರ್ಗಕ್ಕೆ ಸೇರಿದ್ದೆವು. ಮೊದಲ ದಿನ, ಮೊದಲ ತಾಸು. ಅಧ್ಯಾಪಕರು ಬಂದವರೇ ಕರಿಹಲಗೆಯ ಮೇಲೆ ಹನ್ನೆರಡು ಸಾಲಿನ ಒಂದು ಪ್ರೋಗ್ರಾಂ ಬರೆದರು. ಅರ್ಧ ವರ್ಗ ತಲೆದೂಗಿತು. ಅವರೆಲ್ಲ ಮನೆಯಲ್ಲಿ ಕಂಪ್ಯೂಟರ್ ಇದ್ದವರು, ಹೊರಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡು ಬಂದವರು. ಉಳಿದ ಅರ್ಧ ವರ್ಗ ಅದನ್ನು ಅಕ್ಷರಶಃ ನಕಲು ಮಾಡಿಕೊಂಡಿತು. ಆ ಸಾಲುಗಳ ಕೊನೆಯಲ್ಲಿರುವ ಅರ್ಧವಿರಾಮ ಚಿಹ್ನೆ ಏತಕ್ಕೆಂದು ಕೇಳುವ ಧೈರ್ಯ ನಮಗಾಗಲಿಲ್ಲ. ಆರು ತಿಂಗಳು ನಕಲು ಮಾಡಿದೆವು. ಆಮೇಲೆ ಅಲ್ಲಿಂದೆದ್ದು ಬಿ.ಕಾಂ.ಗೆ ಬಂದೆವು. ಬಿ.ಕಾಂ. ನಮ್ಮ ಕೈ ಬಿಡಲಿಲ್ಲ, ಅನ್ನ ಕೊಟ್ಟಿದೆ, ಅದಕ್ಕೆ ಕೃತಜ್ಞರಾಗಿದ್ದೇವೆ. ಆದರೂ ಆ ಆರು ತಿಂಗಳ ಲೆಕ್ಕ ಮನಸ್ಸಿನಲ್ಲಿ ತಾಳೆಯಾಗದೆ ಉಳಿದುಬಿಟ್ಟಿತು. ರಾಜ್ಯೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ, ಕದಂಬರು ಚಾಲುಕ್ಯರ ವಿಷಯವನ್ನು ಬಲ್ಲವರಿಗೆ ಬಿಟ್ಟು, ಈ ಹಳೆಯ ಲೆಕ್ಕವನ್ನೇ ತೆಗೆದು ನೋಡೋಣವೆಂದುಕೊಂಡೆವು.

ಗಣಕ ವಿದ್ಯೆಗೆ ಮೊದಮೊದಲು "ಮೊದಲನೆಯ ವರ್ಷ" ಎಂಬುದೇ ಇರಲಿಲ್ಲ. ೧೯೪೬ರ ಬೇಸಗೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಮೂರ್ ಶಾಲೆಯೆಂಬ ಇಂಜಿನಿಯರಿಂಗ್ ವಿದ್ಯಾಲಯದಲ್ಲಿ, ಜುಲೈ ಆಗಸ್ಟ್ ಎರಡು ತಿಂಗಳು ಉಪನ್ಯಾಸಗಳು ನಡೆದವು. ಗಣಕಯಂತ್ರವನ್ನು ಕಟ್ಟುವುದು ಹೇಗೆಂಬುದೇ ಅಲ್ಲಿಯ ವಿಷಯ. ಕೇಳಲು ಬಂದವರು ಎಳೆಯ ವಿದ್ಯಾರ್ಥಿಗಳಲ್ಲ, ಪಳಗಿದ ವಿಜ್ಞಾನಿಗಳು ಮತ್ತು ಇಂಜಿನಿಯರುಗಳು. ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಹೋದ ಮಾರಿಸ್ ವಿಲ್ಕ್ಸ್ ಎಂಬವರು ಹಡಗು ಸಿಕ್ಕುವುದು ತಡವಾಗಿ, ಉಪನ್ಯಾಸಗಳು ಮುಗಿಯುತ್ತ ಬಂದಾಗ ತಲುಪಿದರು. ಕೊನೆಯ ಪಂಕ್ತಿಯ ಊಟವೇ ಅವರಿಗೆ ಸಾಕಾಯಿತು. ಊರಿಗೆ ಮರಳಿ ಎಡ್‌ಸ್ಯಾಕ್ ಎಂಬ ಯಂತ್ರವನ್ನು ಕಟ್ಟಿದರು; ಅದು ೧೯೪೯ರ ಮೇ ೬ರಂದು ತನ್ನ ಮೊದಲನೆಯ ಲೆಕ್ಕವನ್ನು ಮಾಡಿತು. ಅದೇ ಕೇಂಬ್ರಿಜ್‌ನಲ್ಲಿ ೧೯೫೩ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭವಾಯಿತು. ಅದಾದರೂ ಪದವಿ ಮುಗಿಸಿದವರಿಗೆ. ಮನೆ ಕಟ್ಟಿದ ಮೇಲೆ ಉಪ್ಪರಿಗೆ ಏರಿಸಿದಂತೆ, ಗಣಿತವನ್ನೋ ಭೌತಶಾಸ್ತ್ರವನ್ನೋ ಓದಿ ಮುಗಿಸಿದವನಿಗೆ ಮೇಲಿನ ಅಂತಸ್ತಾಗಿ ಈ ವಿದ್ಯೆ.

ಕಾಲೇಜಿಗೆ ಆಗತಾನೆ ಕಾಲಿಟ್ಟವನಿಗೆ, ಅವನ ಮುಖ್ಯ ವಿಷಯ ಯಾವುದೇ ಇರಲಿ, ಇದನ್ನು ಕಲಿಸಬಹುದೆಂದು ಯೋಚಿಸಿ ಪಾಠಕ್ರಮ ಹಾಕಿಕೊಟ್ಟವರಲ್ಲಿ ಮೊದಲಿಗರು ಅಲನ್ ಪರ್ಲಿಸ್. ಅಮೆರಿಕದ ಕಾರ್ನೆಗಿ ವಿದ್ಯಾಲಯದಲ್ಲಿ, ೧೯೫೮ರಲ್ಲಿ. ಅಲ್ಲಿಂದ ಐದು ವರ್ಷಕ್ಕೆ ಈ ಯೋಚನೆ ಗಂಗೆಯ ದಡದ ಕಾನ್ಪುರವನ್ನು ಮುಟ್ಟಿತು. ನಾವು ಹೇಳಬೇಕೆಂದಿರುವ ಕಥೆ ಮುಖ್ಯವಾಗಿ ಅಲ್ಲಿಯದೇ.

ಅದಕ್ಕೆ ಮುಂಚೆ ನಮ್ಮ ಊರಿನ ಮಾತೊಂದನ್ನು ಹೇಳಿಬಿಡುವುದು ನ್ಯಾಯ. ಭಾರತದಲ್ಲಿ ಗಣಕಯಂತ್ರದ ಕೆಲಸ ಕಾನ್ಪುರಕ್ಕೆ ಮೊದಲೇ ಕಲಕತ್ತೆಯಲ್ಲಿಯೂ ಮುಂಬಯಿಯಲ್ಲಿಯೂ ನಡೆದಿತ್ತು. ಇಲ್ಲಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನಾಯಕತ್ವದಲ್ಲಿ ಒಂದು ಯಂತ್ರವನ್ನು ನಮ್ಮವರೇ ಕಟ್ಟಿದರು. ೧೯೬೦ರಲ್ಲಿ ಅದು ಕೆಲಸಕ್ಕೆ ಬಂದಿತು; ೧೯೬೨ರಲ್ಲಿ ಪ್ರಧಾನಿ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಅದನ್ನು ಕಟ್ಟಿದವರಲ್ಲಿ ಈ ದೇಶದ ಗಣಕ ಪದವಿ ಪಡೆದವರು ಒಬ್ಬರೂ ಇರಲಿಲ್ಲ, ಏಕೆಂದರೆ ಅಂಥ ಪದವಿಯೇ ಆಗ ಈ ದೇಶದಲ್ಲಿ ಇರಲಿಲ್ಲ. ಕೊಲಾಬಾದಲ್ಲಿ ಆ ಯಂತ್ರ ಓಡುತ್ತಿದ್ದ ಕಾಲದಲ್ಲಿಯೇ ಅದಕ್ಕೆ ಸಮೀಪದ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಲ್ಲಿ ಹೊಟೇಲಿನ ಹುಡುಗರು ದಿನದ ದುಡಿಮೆ ಮುಗಿಸಿ ಬಂದು ಅಕ್ಷರ ತಿದ್ದುತ್ತಿದ್ದರು. ಒಂದಕ್ಕೊಂದಕ್ಕೆ ಸಂಬಂಧವೇನೆಂದು ವಾಚಕರು ಕೇಳಬಹುದು. ಆಗ ಯಾವ ಸಂಬಂಧವೂ ಇರಲಿಲ್ಲ. ಆ ಹುಡುಗರ ಮೊಮ್ಮಕ್ಕಳ ಅರ್ಜಿಗಳು ಇಂದು ನಮ್ಮ ಮೇಜಿಗೆ ಬರುತ್ತಿವೆ, ಅಷ್ಟೆ.

ಇನ್ನು ಕಾನ್ಪುರ. ಅಲ್ಲಿಯ ಐ.ಐ.ಟಿ.ಗೆ ಅಮೆರಿಕದ ಒಂಬತ್ತು ವಿದ್ಯಾಲಯಗಳು ಕೂಡಿ ನೆರವು ಕೊಡುವ ಒಪ್ಪಂದವಾಗಿತ್ತು. ಅದರ ಮೂಲಕ ೧೯೬೩ರಲ್ಲಿ ಐ.ಬಿ.ಎಂ. ೧೬೨೦ ಎಂಬ ಯಂತ್ರ ಬಂದಿತು. ಜೊತೆಯಲ್ಲಿ ಹ್ಯಾರಿ ಹಸ್ಕಿ ಎಂಬ ಪ್ರಾಧ್ಯಾಪಕರು ಬಂದರು. ಇವರು ಸಾಮಾನ್ಯರಲ್ಲ, ಪ್ರಸಿದ್ಧ ಎನಿಯಾಕ್ ಯಂತ್ರದ ಕೆಲಸದಲ್ಲಿ ಪಾಲ್ಗೊಂಡವರು, ೧೯೪೭ರಲ್ಲಿ ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಅವರ ತಂಡದಲ್ಲಿ ದುಡಿದವರು. ೨೦೧೭ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಆ ಯಂತ್ರದ ವಿಷಯವಾಗಿ ನಾವು ಓದಿದ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಐ.ಬಿ.ಎಂ. ೧೬೨೦ಕ್ಕೆ ಕೂಡುವ ಲೆಕ್ಕ ತಾನಾಗಿ ಬರುತ್ತಿರಲಿಲ್ಲ! ಅದರ ನೆನಪಿನ ಕೋಶದಲ್ಲಿ ಒಂದು ಕಡೆ ಕೂಡುವ ಮಗ್ಗಿಯನ್ನೂ ಇನ್ನೊಂದು ಕಡೆ ಗುಣಿಸುವ ಮಗ್ಗಿಯನ್ನೂ ತುಂಬಿಸಿ ಇಡಬೇಕಾಗಿತ್ತು. ಏಳಕ್ಕೆ ಐದು ಕೂಡೆಂದರೆ ಯಂತ್ರ ಆ ಮಗ್ಗಿಯ ಪಟ್ಟಿಯಲ್ಲಿ ಏಳರ ಮನೆ, ಐದರ ಮನೆ ಹುಡುಕಿ, ಅಲ್ಲಿ ಬರೆದಿಟ್ಟದ್ದನ್ನು ಎತ್ತಿಕೊಂಡು ಬರುತ್ತಿತ್ತು. ಯಾರಾದರೂ ಅಜಾಗರೂಕತೆಯಿಂದ ಆ ಪಟ್ಟಿಯ ಮೇಲೆ ಬೇರೇನನ್ನಾದರೂ ಬರೆದುಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪು. "ಕೂಡಲೂ ಬಾರದು, ಕೂಡುವ ಯತ್ನವನ್ನೂ ಮಾಡದು" ಎಂಬರ್ಥದ ಒಂದು ಅಡ್ಡಹೆಸರನ್ನು ಅದನ್ನು ಬಳಸುವವರು ತಮಾಷೆಗೆ ಕಟ್ಟಿದ್ದರು. ನಮ್ಮ ಅಜ್ಜನ ಕಾಲದ ಐಗಳ ಮಠದಲ್ಲಿ ಹುಡುಗರು ಸಾಯಂಕಾಲ ಸಾಲಾಗಿ ನಿಂತು ಮಗ್ಗಿ ಒಪ್ಪಿಸುತ್ತಿದ್ದ ಬಗೆಗೂ ಇದಕ್ಕೂ ಏನು ಅಂತರ? ಇಷ್ಟು ಮಾತನ್ನು ಯಾರಾದರೂ ನಮಗೆ ೨೦೦೮ರಲ್ಲಿ ಹೇಳಿದ್ದರೆ ಆ ಯಂತ್ರದ ಭಯ ಅರ್ಧದಷ್ಟಾದರೂ ಇಳಿಯುತ್ತಿತ್ತು.

ಯಂತ್ರ ಒಂದು, ಕಲಿಯಬೇಕೆನ್ನುವವರು ನೂರಾರು. ಕಾನ್ಪುರದವರ ಮುಂದಿದ್ದ ಪ್ರಶ್ನೆ ಇದೇ. ಗಣಕಯಂತ್ರವನ್ನು ಕನಸಿನಲ್ಲಿಯೂ ಕಾಣದ ಜನರಿಗೆ ಮೊದಲ ದಿನ ಏನು ಹೇಳಬೇಕು? ಅವರು ಹತ್ತು ದಿನಗಳ ಶಿಬಿರಗಳನ್ನು ಏರ್ಪಡಿಸಿದರು. ದೇಶದ ಬೇರೆ ಬೇರೆ ಕಡೆಗಳಿಂದ ಅಧ್ಯಾಪಕರು, ಇಂಜಿನಿಯರುಗಳು, ಪ್ರಯೋಗಾಲಯದವರು ಬಂದು ಸೇರಿದರು. ಫೋರ್ಟ್ರಾನ್ ಎಂಬ ಭಾಷೆ, ಸಂಖ್ಯಾತ್ಮಕ ಗಣಿತ, ಜೊತೆಗೆ ತಾವೇ ಬರೆದ ಪ್ರೋಗ್ರಾಮನ್ನು ಯಂತ್ರದಲ್ಲಿ ಓಡಿಸಿ ನೋಡುವ ಅವಕಾಶ, ಇಷ್ಟು ಪಾಠ. ಇದರಲ್ಲಿ ದುಡಿದವರಲ್ಲಿ ಪ್ರಮುಖರು ಪ್ರೊ. ವಿ. ರಾಜಾರಾಮನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ವಿಸ್ಕಾನ್ಸಿನ್‌ನಲ್ಲಿ ೧೯೬೧ರಲ್ಲಿ ಡಾಕ್ಟರೇಟ್ ಪಡೆದು ಮರಳಿದ್ದ ತರುಣ ಅಧ್ಯಾಪಕರು ಅವರು.

ಆ ಕಾಲದ ಕಲಿಕೆಯ ಬಗೆಯನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬಲಾರರು. ಪ್ರೋಗ್ರಾಮಿನ ಒಂದೊಂದು ಸಾಲಿಗೆ ಒಂದೊಂದು ದಪ್ಪ ಕಾಗದದ ಕಾರ್ಡು. ಕಾರ್ಡಿಗೆ ೮೦ ಅಂಕಣ. ಅಕ್ಷರಗಳ ಬದಲು ರಂಧ್ರಗಳು. ಕಾರ್ಡಿನ ಕಟ್ಟನ್ನು ಯಂತ್ರಕ್ಕೆ ಉಣಿಸಿದರೆ ಫೋರ್ಟ್ರಾನಿನಿಂದ ಯಂತ್ರಭಾಷೆಗೆ ಬದಲಾದ ಇನ್ನೊಂದು ಕಟ್ಟು ಹೊರಬರಬೇಕು. ಅದನ್ನು ಮತ್ತೆ ಒಳಗೆ ಹಾಕಿದ ಮೇಲೆ ಲೆಕ್ಕ. ಒಂದು ಅಲ್ಪವಿರಾಮ ಬಿಟ್ಟುಹೋದರೆ ಎಲ್ಲವೂ ಮೊದಲಿನಿಂದ. ಕಟ್ಟು ಕೈತಪ್ಪಿ ನೆಲಕ್ಕೆ ಬಿದ್ದರೆ ಆ ದಿನದ ಕಥೆ ಮುಗಿದಂತೆಯೇ. ಆದುದರಿಂದ ಯಂತ್ರದ ಬಳಿಗೆ ಹೋಗುವ ಮುನ್ನ ವಿದ್ಯಾರ್ಥಿ ಕಾಗದದ ಮೇಲೆ ತಾನೇ ಯಂತ್ರವಾಗಿ, ಪ್ರತಿಯೊಂದು ಸಾಲನ್ನೂ ನಡೆಸಿ ನೋಡಬೇಕಾಗಿತ್ತು: ಈಗ ಈ ಪೆಟ್ಟಿಗೆಯಲ್ಲಿ ಎಷ್ಟಿದೆ, ಮುಂದಿನ ಸಾಲಿಗೆ ಹೋದರೆ ಎಷ್ಟಾಗುತ್ತದೆ. ನಮ್ಮ ಹಳೆಯ ಬ್ಯಾಂಕಿನವರು ಸಂಜೆ ದಿನವಹಿಯನ್ನು ತಾಳೆ ನೋಡುತ್ತಿದ್ದಂತೆ. ಯಂತ್ರದ ಅಭಾವವೇ ಇಲ್ಲಿ ಒಳ್ಳೆಯ ಮೇಷ್ಟರ ಕೆಲಸ ಮಾಡಿತೆಂದು ನಮ್ಮ ಅಭಿಪ್ರಾಯ. ಬಡತನವನ್ನು ಹೊಗಳುವ ಉದ್ದೇಶ ನಮಗಿಲ್ಲ. ಅದನ್ನು ಅನುಭವಿಸಿದವರು ಯಾರೂ ಹೊಗಳುವುದಿಲ್ಲ. ಆದರೆ ಯಂತ್ರ ಕಡಿಮೆಯಿದ್ದ ಕಾರಣ "ಇದು ಏತಕ್ಕೆ ಹೀಗೆ" ಎಂಬ ಪ್ರಶ್ನೆಯನ್ನು ವರ್ಗದಲ್ಲಿಯೇ ಮುಗಿಸಬೇಕಾಗುತ್ತಿತ್ತು. ಯಂತ್ರ ಹೇರಳವಾದ ಮೇಲೆ ಆ ಪ್ರಶ್ನೆಯನ್ನು ಮುಂದಕ್ಕೆ ತಳ್ಳುವುದು ಸುಲಭವಾಯಿತು.

ಕಾನ್ಪುರದವರು ಇನ್ನೂ ಎರಡು ಕೆಲಸ ಮಾಡಿದರು. ಪ್ರೋಗ್ರಾಂ ಬರೆಯುವ ಪಾಠವನ್ನು ಇಂಜಿನಿಯರಿಂಗಿನ ಎಲ್ಲ ಶಾಖೆಗಳ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿದರು. ಸೇತುವೆ ಕಟ್ಟುವವನಾಗಲಿ, ಲೋಹ ಕರಗಿಸುವವನಾಗಲಿ, ಎಲ್ಲರೂ ಕಲಿಯಬೇಕು. ಯಾರೋ ನಾಲ್ವರು ಪಂಡಿತರ ಗುಪ್ತವಿದ್ಯೆಯಾಗಿ ಇದು ಉಳಿಯಬಾರದೆಂಬ ನಿಶ್ಚಯ ಅದರಲ್ಲಿತ್ತು. ಎರಡನೆಯದು ಪುಸ್ತಕ. ವಿದೇಶದ ಪುಸ್ತಕ ಕೊಳ್ಳುವುದು ಆಗ ಸಾಮಾನ್ಯ ವಿದ್ಯಾರ್ಥಿಗೆ ಆಗುವ ಮಾತಲ್ಲ. ರಾಜಾರಾಮನ್ ಅವರು ತಮ್ಮ ಪಾಠದ ಟಿಪ್ಪಣಿಗಳನ್ನು ಬೆಳೆಸಿ, ಪ್ರೋಗ್ರಾಮಿಂಗಿನ ಮೂಲತತ್ತ್ವಗಳನ್ನು ಕುರಿತು ಒಂದು ಪುಸ್ತಕ ಬರೆದರು. ಅದು ೧೯೬೯ರಲ್ಲಿ ಪ್ರಕಟವಾಯಿತು. ಬೆಲೆ ವಿದ್ಯಾರ್ಥಿಯ ಜೇಬಿಗೆ ನಿಲುಕುವಂತಿರಬೇಕೆಂಬುದು ಅವರ ಹಟ. ಮುಂದೆ ಬರೆದ ಅನೇಕ ಪುಸ್ತಕಗಳಲ್ಲಿಯೂ ಅದನ್ನೇ ಸಾಧಿಸಿದರು. ಪಾಠಕ್ರಮವೆಂದರೆ ವಿಷಯಗಳ ಪಟ್ಟಿ ಮಾತ್ರವೆಂದು ನಾವು ತಿಳಿದಿದ್ದೆವು. ಪುಸ್ತಕದ ಬೆಲೆಯೂ ಪಾಠಕ್ರಮದ ಒಂದು ಭಾಗವೆಂದು ಅವರಿಗೆ ತಿಳಿದಿತ್ತು.

೧೯೬೬ರಲ್ಲಿ ಕಾನ್ಪುರಕ್ಕೆ ಇನ್ನೂ ದೊಡ್ಡ ಯಂತ್ರ ಬಂದಿತು. ಎಂ.ಟೆಕ್. ಮಟ್ಟದಲ್ಲಿ ಗಣಕ ವಿಷಯ ಮೊದಲಾಯಿತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಎನ್. ಆರ್. ನಾರಾಯಣ ಮೂರ್ತಿಯವರು ಅಲ್ಲಿಗೆ ಹೋಗಿ ೧೯೬೯ರಲ್ಲಿ ಎಂ.ಟೆಕ್. ಮಾಡಿದ್ದು ನಮ್ಮ ವಾಚಕರೆಲ್ಲ ಬಲ್ಲ ಸಂಗತಿ. ಅಲ್ಲಿ ಪಾಠ ಹೇಳಿದ ಪ್ರೊ. ಎಚ್. ಎನ್. ಮಹಾಬಲ ಅವರು ತರುವಾಯ ಮದ್ರಾಸಿನ ಐ.ಐ.ಟಿ.ಗೆ ಹೋಗಿ ಅಲ್ಲಿಯೂ ಈ ವಿದ್ಯೆಯನ್ನು ಬೆಳೆಸಿದರು. ಮೊದಲನೆಯ ವರ್ಷದಿಂದಲೇ ಗಣಕ ವಿದ್ಯಾರ್ಥಿ ಎನ್ನಿಸಿಕೊಳ್ಳುವ ಬಿ.ಟೆಕ್. ಪದವಿ ಮಾತ್ರ ಕಾನ್ಪುರದಲ್ಲಿ ಬಂದುದು ೧೯೭೦ರ ದಶಕದ ಕೊನೆಗೆ. ಯಂತ್ರ ಬಂದು ಸುಮಾರು ಹದಿನೈದು ವರ್ಷವಾದ ಮೇಲೆ! ಬಾಗಿಲು ತೆರೆಯುವ ಮುಂಚೆ ಹೊಸ್ತಿಲನ್ನು ಅಷ್ಟು ದಿನ ಕೂಡಿಸಿದರೆಂದು ಹೇಳಬಹುದು.

ಇದೇ ಕಾಲದಲ್ಲಿ ಹೊರಗಿನ ಪ್ರಪಂಚದಲ್ಲಿ ದೊಡ್ಡ ವಾಗ್ವಾದ ನಡೆದಿತ್ತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಗಣಿತದ ಅಧ್ಯಾಪಕರು ಒಂದು ಸಂಗತಿ ಗಮನಿಸಿದರು: ತಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ವಿಜ್ಞಾನದವರಲ್ಲ, ನಾಳೆ ಊರು ಆಳುವವರು, ವ್ಯಾಪಾರ ನಡೆಸುವವರು ಇವರೇ. ಇವರಿಗಾಗಿ ಬೇಸಿಕ್ ಎಂಬ ಸರಳ ಭಾಷೆಯನ್ನು ಕಟ್ಟಿದರು. ೧೯೬೪ರ ಮೇ ೧ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅದರ ಮೊದಲ ಪ್ರೋಗ್ರಾಂ ಓಡಿತು. ಮೊದಲನೆಯ ವರ್ಷದ ಗಣಿತದ ವರ್ಗದೊಳಗೇ ಅದನ್ನು ಸೇರಿಸಿಬಿಟ್ಟರು. ಇದಕ್ಕೆ ತೀರ ಬೇರೆಯ ದಾರಿ ೧೯೬೮ರಲ್ಲಿ ಎ.ಸಿ.ಎಂ. ಎಂಬ ಗಣಕ ಪಂಡಿತರ ಸಂಘ ಪ್ರಕಟಿಸಿದ ಪಾಠಕ್ರಮದ್ದು. ಅದರ ಮೂಲ ಪಾಠಗಳು ನಾಲ್ಕು: ಗಣನೆಯ ಪರಿಚಯ, ಯಂತ್ರ ಮತ್ತು ಪ್ರೋಗ್ರಾಮಿಂಗ್, ಬಿಡಿ ರಚನೆಗಳ ಗಣಿತ, ಸಂಖ್ಯಾತ್ಮಕ ಕಲನ. ಜೊತೆಗೆ ಬೇರೆ ಗಣಿತ. ಇಂದಿಗೂ ಯಾವ ವಿಶ್ವವಿದ್ಯಾಲಯದ ಮೊದಲ ವರ್ಷದ ಪಟ್ಟಿಯನ್ನು ತೆಗೆದರೂ ಈ ಅಸ್ಥಿಪಂಜರ ಕಾಣುತ್ತದೆ. ಫೋರ್ಟ್ರಾನ್ ಹೋಗಿ ಪ್ಯಾಸ್ಕಲ್, ಪ್ಯಾಸ್ಕಲ್ ಹೋಗಿ ಸಿ, ಆಮೇಲೆ ಜಾವಾ, ಈಗ ಪೈಥಾನ್, ಹೀಗೆ ಮೇಲಿನ ಅಂಗಿ ಬದಲಾಗಿದೆ. ಹೊಸಬನಿಗೆ ಜಾಗ ಮಾಡುವುದು ಡಾರ್ಟ್‌ಮತ್‌ನವರ ಚಿಂತೆಯಾದರೆ ವಿದ್ಯೆಯ ಮರ್ಯಾದೆ ಕಾಪಾಡುವುದು ಇವರ ಚಿಂತೆ. ಎರಡೂ ಬೇಕಾದುವೇ. ಆದರೆ ಹೆಚ್ಚಿನ ಕಾಲೇಜುಗಳು ಪಟ್ಟಿಯನ್ನು ಎರಡನೆಯವರಿಂದ ತೆಗೆದುಕೊಂಡು, ಮೊದಲನೆಯವರ ಚಿಂತೆಯನ್ನು ಅಲ್ಲಿಯೇ ಬಿಟ್ಟುಬಂದುವೋ ಎಂಬ ಸಂಶಯ ನಮಗೆ.

ಡೈಕ್‌ಸ್ಟ್ರಾ ಎಂಬ ಡಚ್ ಪಂಡಿತರು ೧೯೮೮ರಲ್ಲಿ ಇನ್ನೂ ಮುಂದೆ ಹೋದರು. ಮೊದಲನೆಯ ವರ್ಷದವರಿಗೆ ಕಲಿಸುವ ಭಾಷೆ ಆ ವಿದ್ಯಾಲಯದ ಯಾವ ಯಂತ್ರದಲ್ಲಿಯೂ ಓಡಲೇ ಬಾರದು, ಆಗ ಮಾತ್ರ ಹುಡುಗರು ಓಡಿಸಿ ನೋಡುವ ಚಪಲ ಬಿಟ್ಟು ಯೋಚಿಸಲು ಕಲಿಯುತ್ತಾರೆಂದರು. ಈಜು ಕಲಿಸುವವನು ಕೆರೆಗೆ ಬೀಗ ಹಾಕಿದಂತಾಯಿತೆಂದು ನಾವು ಮೊದಲು ನಕ್ಕೆವು. ಈಗೀಗ ಬಾಯಲ್ಲಿ ಹೇಳಿದ ಮಾತಿಗೆ ಪ್ರೋಗ್ರಾಮನ್ನೇ ಬರೆದುಕೊಡುವ ಯಂತ್ರಗಳು ಬಂದಿವೆ. ಹಾಗಾದರೆ ಮಗ ಮೊದಲ ವರ್ಷ ಕಲಿಯುವುದೇನೆಂದು ಒಬ್ಬ ತಂದೆ ನಮ್ಮನ್ನೇ ಕೇಳಿದರು. ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ಸಾಲುಸಾಲಾಗಿ ತಾಳೆ ನೋಡುವವನು ಬೇಕಷ್ಟೆ! ಡೈಕ್‌ಸ್ಟ್ರಾ ಅವರ ಮಾತು ಈಗ ಅಷ್ಟೊಂದು ವಿಪರೀತವಾಗಿ ತೋರುವುದಿಲ್ಲ.

ನಮ್ಮಂಥ ವಾಣಿಜ್ಯದವರ ಮಾತೂ ಈ ಚರಿತ್ರೆಯಲ್ಲಿ ಒಂದು ಕಡೆ ಬರುತ್ತದೆ. ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವುದಕ್ಕೆ ನೌಕರರ ವಿರೋಧ ಬಹಳವಾಗಿತ್ತು. ಒಂದು ಯಂತ್ರ ಬಂದರೆ ಹತ್ತು ಗುಮಾಸ್ತರ ಅನ್ನ ಹೋಯಿತೆಂಬ ಭಯ. ೧೯೮೩ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಒಪ್ಪಂದವಾಗಿ, ಅಳತೆಗೋಲಿಟ್ಟು ಯಂತ್ರಗಳನ್ನು ಒಳಗೆ ಬಿಟ್ಟುಕೊಂಡರು. ನಮ್ಮ ಶಾಖೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಆ ಕಾಲದ ಲೆಡ್ಜರ್ ಯಂತ್ರದ ಮೇಲೆ ಮೊದಲ ದಿನ ಕೈಯಿಡುವಾಗ ಕುಂಕುಮ ಹಚ್ಚಿದ್ದನ್ನು ಹೇಳಿ ನಗುತ್ತಿದ್ದರು. ಸರಿಸುಮಾರು ಆ ವರ್ಷಗಳಲ್ಲಿಯೇ ಸರಕಾರ ನೇಮಿಸಿದ ಒಂದು ಮಂಡಲಿ, ರಾಜಾರಾಮನ್ ಅವರ ಅಧ್ಯಕ್ಷತೆಯಲ್ಲಿ, ದೇಶಕ್ಕೆ ಬೇಕಾದ ಗಣಕ ಬಲ್ಲವರನ್ನು ತಯಾರಿಸುವ ಬಗೆಯನ್ನು ಆಲೋಚಿಸಿತು. ಇಂಜಿನಿಯರುಗಳಷ್ಟರಿಂದಲೇ ಈ ಕೆಲಸವಾಗದು. ಕಚೇರಿ, ಬ್ಯಾಂಕು, ಕಾರಖಾನೆಗಳ ವ್ಯವಹಾರ ತಿಳಿದವರು ಬೇಕು ಎಂದು ಕಂಡು, ವಿಜ್ಞಾನ ಅಥವಾ ವಾಣಿಜ್ಯದ ಪದವಿಯಿದ್ದು ಗಣಿತದ ಒಲವುಳ್ಳವರಿಗಾಗಿ ಮೂರು ವರ್ಷದ ಎಂ.ಸಿ.ಎ. ಎಂಬ ಹೊಸ ಪದವಿಯನ್ನು ಸೂಚಿಸಿತು. ಮೂರು ವರ್ಷ ಏಕೆ? ಮೊದಲನೆಯ ವರ್ಷವನ್ನು ಏನೂ ಅರಿಯದೆ ಬಂದವನಿಗೆ ಕೊಡಲೇಬೇಕಾಗಿತ್ತು, ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ೨೦೨೦ರಲ್ಲಿ ಅದನ್ನು ಎರಡು ವರ್ಷಕ್ಕೆ ಇಳಿಸಿದರು. ಇಳಿಸಿದವರಿಗೆ ತಮ್ಮ ಕಾರಣಗಳಿರಬಹುದು. ಕತ್ತರಿ ಬಿದ್ದದ್ದು ಯಾವ ವರ್ಷಕ್ಕೆ ಎಂದು ಊಹಿಸುವುದು ಕಷ್ಟವಲ್ಲ. ಬಿ.ಕಾಂ.ನವರಿಗೂ ಬಾಗಿಲಿದೆಯೆಂದು ನಮಗೆ ತಿಳಿದುದು ಕೆಲಸಕ್ಕೆ ಸೇರಿ, ಮದುವೆಯಾಗಿ, ವರ್ಗಾವಣೆಯೊಂದನ್ನು ಕಂಡ ಮೇಲೆ. ಇರಲಿ.

ಭಾಷೆಯ ಮಾತನ್ನು ಎತ್ತದೆ ರಾಜ್ಯೋತ್ಸವದ ಸಂಚಿಕೆಯಲ್ಲಿ ಲೇಖನ ಮುಗಿಸಲಾಗದು. ೨೦೨೧ರಿಂದೀಚೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯವರು ಇಂಜಿನಿಯರಿಂಗಿನ ಪುಸ್ತಕಗಳನ್ನು, ಮೊದಲನೆಯ ವರ್ಷದಿಂದ ತೊಡಗಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಂದಿದ್ದಾರೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳು ಅದನ್ನು ಓದುವರೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಇಲ್ಲಿ ಅನೇಕರು ಕನ್ನಡ ಮಾತನಾಡಬಲ್ಲರು, ಓದಲಾರರು. ಆದರೆ ಊರಿನಿಂದ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದು ಇಲ್ಲಿ ಚಿಕ್ಕಪ್ಪನ ಮನೆಯಲ್ಲಿ ನಿಲ್ಲುವ ಹುಡುಗನಿದ್ದಾನಲ್ಲ, ಅವನಿಗೆ ಮೊದಲ ಮೂರು ತಿಂಗಳು ಕನ್ನಡದಲ್ಲಿ ಒಂದು ಪುಸ್ತಕ ಕೈಗೆ ಸಿಕ್ಕರೆ ಎಷ್ಟೋ ಬಲ. ನಮ್ಮ ಸಂಘದ ವಾಚನಾಲಯಕ್ಕೆ ಅವುಗಳ ಪ್ರತಿ ತರಿಸಬೇಕೆಂದು ಕಾರ್ಯಕಾರಿ ಮಂಡಲಿಗೆ ಈ ಮೂಲಕ ಬಿನ್ನವಿಸುತ್ತೇವೆ.

ಕೊನೆಗೆ ಮದ್ರಾಸಿನ ಐ.ಐ.ಟಿ.ಯವರು ೨೦೨೦ರಲ್ಲಿ ಆರಂಭಿಸಿದ ಒಂದು ಪದವಿಯ ವಿಷಯ. ದತ್ತಾಂಶ ವಿಜ್ಞಾನದ ಈ ಪದವಿಯ ಪಾಠಗಳು ಮನೆಗೇ ಬರುತ್ತವೆ. ಪರೀಕ್ಷೆಗೆ ಮಾತ್ರ ಊರೂರಿನ ಕೇಂದ್ರಕ್ಕೆ ಹೋಗಬೇಕು. ಸೇರಲು ಜೆ.ಇ.ಇ. ಪರೀಕ್ಷೆ ಬೇಡ. ಹನ್ನೆರಡನೆಯ ತರಗತಿಯಲ್ಲಿ ಯಾವ ಶಾಖೆ ಓದಿದ್ದರೂ ಆದೀತು, ಹತ್ತನೆಯ ತರಗತಿಯಲ್ಲಿ ಗಣಿತವೂ ಇಂಗ್ಲಿಷೂ ಇದ್ದರಾಯಿತು. ಮೊದಲು ನಾಲ್ಕು ವಾರದ ಪಾಠ ಕಲಿಸಿ, ಆ ಕಲಿಸಿದ್ದರಲ್ಲಿಯೇ ಪರೀಕ್ಷೆಯಿಟ್ಟು, ಗೆದ್ದವರನ್ನು ಒಳಗೆ ಬಿಡುತ್ತಾರೆ. ಆಮೇಲೆ ಬುನಾದಿಯ ಹಂತ: ಗಣಿತ ಎರಡು, ಸಂಖ್ಯಾಶಾಸ್ತ್ರ ಎರಡು, ಇಂಗ್ಲಿಷ್ ಎರಡು, ಪೈಥಾನ್ ಒಂದು, ಇದಲ್ಲದೆ ಗಣಕ ಚಿಂತನೆಯೆಂಬ ಒಂದು ಪಾಠ. ಪೈಥಾನ್‌ಗೆ ಮುಂಚೆ ಬರುವುದು ಈ ಗಣಕ ಚಿಂತನೆ. ಅದರ ಆರಂಭದಲ್ಲಿ ಯಂತ್ರದ ಸುದ್ದಿಯೇ ಇಲ್ಲ. ಮೇಷ್ಟರ ಕೈಯಲ್ಲಿ ಕಾಗದದ ಚೀಟಿಗಳು: ಕೆಲವು ವಿದ್ಯಾರ್ಥಿಗಳ ಅಂಕಪಟ್ಟಿಗಳು, ಕೆಲವು ಅಂಗಡಿಯ ಬಿಲ್ಲುಗಳು. ಒಂದು ರಾಶಿಯಿಂದ ಒಂದೊಂದಾಗಿ ತೆಗೆದು, ನೋಡಿ, ಇನ್ನೊಂದು ರಾಶಿಗೆ ಹಾಕುವುದು. ಎಲ್ಲಕ್ಕಿಂತ ಹೆಚ್ಚು ಮೊತ್ತದ ಬಿಲ್ಲು ಯಾವುದು, ಯಾವ ಗಿರಾಕಿ ಎರಡು ಸಲ ಬಂದ ಎಂದು ಕಂಡುಹಿಡಿಯುವುದು. ನೆನಪಿಡಬೇಕಾದ ಸಂಖ್ಯೆಗೆ ಒಂದು ಹೆಸರು ಕೊಡುವುದು. ಕಾನ್ಪುರದ ಹಳೆಯ ಕಾರ್ಡುಗಳು ಬೇರೊಂದು ರೂಪದಲ್ಲಿ ಮರಳಿ ಬಂದಂತೆ ನಮಗೆ ಕಂಡಿತು.

ನಮ್ಮ ಕಟ್ಟಡದಲ್ಲಿ, ಎರಡನೆಯ ಮಾಳಿಗೆಯಲ್ಲಿ, ಕುಂದಾಪುರದ ಕಡೆಯವರ ಮನೆಯ ಹುಡುಗಿ ಕಳೆದ ವರ್ಷ ಇದಕ್ಕೆ ಸೇರಿದಳು, ಹಗಲು ಬಿ.ಕಾಂ., ರಾತ್ರಿ ಇದು. ಅವಳ ತಂದೆಗೆ ಸಣ್ಣ ಕ್ಯಾಂಟೀನು ಇದೆ. ಗಣಪತಿಯ ಪ್ರಸಾದ ಕೊಡಲು ನಾವು ಹೋದಾಗ ಅವಳು ನೆಲದ ಮೇಲೆ ಕುಳಿತಿದ್ದಳು. ಎದುರಿಗೆ ಕ್ಯಾಂಟೀನಿನ ಹಳೆಯ ಬಿಲ್ಲುಗಳ ಎರಡು ರಾಶಿ. ತಾಯಿ ಕಸವೆಂದು ಗುಡಿಸಲು ಬಂದರು; ಹುಡುಗಿ ಎರಡೂ ಕೈ ಅಡ್ಡ ಹಿಡಿದು, "ಅಮ್ಮ, ಅದನ್ನು ಮುಟ್ಟಬೇಡ, ಇನ್ನೂ ಹನ್ನೊಂದು ಚೀಟಿ ಬಾಕಿ ಉಂಟು" ಎಂದಳು. ನಾವು ಪ್ರಸಾದದ ತಟ್ಟೆಯನ್ನು ಕಿಟಕಿಯ ಹಲಗೆಯ ಮೇಲಿಟ್ಟು, ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಉಳಿದ ಹನ್ನೊಂದನ್ನು ಒಂದೊಂದಾಗಿ ಓದಿ ಹೇಳಿದೆವು.